ಸರ್ಕಾರಿ ನಿರ್ಲಕ್ಷ್ಯಕ್ಕೆ ಪರಿಹಾರ: ಕುದುರೆ ಗಾಡಿಯಿಂದ ಕರೆಂಟ್ ತಂತಿಯವರೆಗೆ

ಟಾರ್ಟ್ (ಬೇರೆಯವರಿಗೆ ನಷ್ಟ ಮಾಡಿ ಪರಿಹಾರ ಕೊಡಬೇಕಾಗುವ ಸಿವಿಲ್ ತಪ್ಪು) ಪೇಪರ್‌ನಲ್ಲಿ ಸರ್ಕಾರದ ಹೊಣೆಯ ಅಧ್ಯಾಯ ಬಂದರೆ ಕಾನೂನು ಓದುವ ನಾವೆಲ್ಲ ಸುಮ್ನೆ ಕೇಸುಗಳ ಹೆಸರು ಬಾಯಿಪಾಠ ಮಾಡುತ್ತೇವೆ. ಪರೀಕ್ಷೆ ಹಾಲ್‌ನಲ್ಲಿ ವಿದ್ಯಾವತಿ ಯಾವುದು, ಕಸ್ತೂರಿ ಲಾಲ್ ಯಾವುದು ಅಂತ ಅದಲುಬದಲಾಗುತ್ತದೆ. ಅದರ ಬದಲು ಒಂದೇ ಪ್ರಶ್ನೆ ಹಿಡಿದುಕೊಂಡು ಓದಿ. ತಪ್ಪು ನಡೆದ ಹೊತ್ತಿನಲ್ಲಿ ಸರ್ಕಾರಿ ನೌಕರ ಮಾಡುತ್ತಿದ್ದ ಕೆಲಸ ಎಂಥದ್ದು? ನಮ್ಮ ಕೋರ್ಟುಗಳು ಬಹಳ ಕಾಲ ಮೊದಲು ಕೇಳಿದ್ದು ಇದನ್ನೇ. ನಷ್ಟ ಎಷ್ಟು ಅನ್ನೋದು ಆಮೇಲಿನ ಮಾತು.

ಈ ಪ್ರಶ್ನೆ ಹುಟ್ಟಿದ್ದು ಕಲ್ಕತ್ತೆಯ ಒಂದು ರಸ್ತೆಯಲ್ಲಿ. ಕಿಡ್ಡರ್‌ಪುರದ ಸರ್ಕಾರಿ ಹಡಗುಕಟ್ಟೆಯ ಕೆಲಸಗಾರರು ಭಾರದ ಕಬ್ಬಿಣದ ತುಂಡೊಂದನ್ನು ಹೊತ್ತು ರಸ್ತೆಯ ಮಧ್ಯೆ ಹೋಗುತ್ತಿದ್ದರು. ಹಿಂದಿನಿಂದ ಜೋಡಿ ಕುದುರೆಯ ಗಾಡಿ ಬಂತು. ಗಾಡಿಯವನು ಕೂಗಿದ. ಹೊತ್ತವರಲ್ಲಿ ಕೆಲವರು ಆ ಕಡೆ ಸರಿದರು, ಕೆಲವರು ಈ ಕಡೆ. ಕಬ್ಬಿಣ ಕೈತಪ್ಪಿ ಬಿತ್ತು. ಆ ಸದ್ದಿಗೆ ಕುದುರೆಗಳು ಬೆದರಿ ನುಗ್ಗಿದವು, ಒಂದಕ್ಕೆ ಗಾಯವಾಯಿತು. ಗಾಡಿಯ ಒಡೆತನ ಪಿ ಅಂಡ್ ಓ ಹಡಗು ಕಂಪನಿಯದು. ಅದು ಕೇಳಿದ ಪರಿಹಾರ 350 ರೂಪಾಯಿ. 1861ರಲ್ಲಿ ಮುಖ್ಯ ನ್ಯಾಯಮೂರ್ತಿ ಬಾರ್ನ್ಸ್ ಪೀಕಾಕ್ ಕೊಟ್ಟ ಉತ್ತರ ಹೀಗಿತ್ತು: ಹಡಗು ರಿಪೇರಿಯಂಥ ಕೆಲಸವನ್ನು ಯಾವ ಖಾಸಗಿಯವರೂ ಮಾಡಬಹುದು, ಹಾಗಾಗಿ ಸರ್ಕಾರ ಪರಿಹಾರ ಕೊಡಬೇಕು. ಆಳುವವರು ಮಾತ್ರ ಮಾಡಬಲ್ಲ ಕೆಲಸವಾಗಿದ್ದರೆ ದಾವೆ ನಿಲ್ಲುತ್ತಿರಲಿಲ್ಲ. ಇದೇ ಸಾರ್ವಭೌಮ ಕೆಲಸ, ಸಾರ್ವಭೌಮವಲ್ಲದ ಕೆಲಸ ಎಂಬ ವಿಂಗಡಣೆ.

ಇಷ್ಟು ಹಳೆಯ ತೀರ್ಪು ಇವತ್ತಿಗೂ ಯಾಕೆ ಬೇಕು? ಸಂವಿಧಾನದ 300ನೇ ವಿಧಿ ಓದಿ. ಸಂವಿಧಾನ ಬರುವ ಮೊದಲು ಸರ್ಕಾರದ ಮೇಲೆ ಎಂಥ ದಾವೆ ಹಾಕಬಹುದಿತ್ತೋ ಈಗಲೂ ಅಂಥದ್ದನ್ನೇ ಹಾಕಬಹುದು, ಶಾಸನಸಭೆ ಬೇರೆ ಕಾನೂನು ಮಾಡುವವರೆಗೆ ಅನ್ನುತ್ತದೆ ಅದು. ಹಿಂದೆ ಹೋದರೆ 1935ರ ಕಾಯ್ದೆ, ಅದಕ್ಕೂ ಹಿಂದೆ 1915ರದು, ಕೊನೆಗೆ 1858ರದು. ಅಲ್ಲಿ ಸಿಗುವುದು ಈಸ್ಟ್ ಇಂಡಿಯಾ ಕಂಪನಿ: ಕಂಪನಿಯ ಮೇಲೆ ಹಾಕಬಹುದಿದ್ದ ದಾವೆಗಳನ್ನೇ ಸರ್ಕಾರದ ಮೇಲೂ ಹಾಕಬಹುದು ಎಂದಿತ್ತು ಆ ಕಾಯ್ದೆ. ವ್ಯಾಪಾರವನ್ನೂ ಆಳ್ವಿಕೆಯನ್ನೂ ಒಟ್ಟಿಗೆ ಮಾಡುತ್ತಿದ್ದ ಕಂಪನಿಗೆ ಹೊಲಿದ ಅಂಗಿಯನ್ನೇ ಗಣರಾಜ್ಯಕ್ಕೂ ತೊಡಿಸಿದ್ದೇವೆ. ಈ ಕೊಂಡಿ ಅರ್ಥವಾದರೆ ಅಧ್ಯಾಯದ ಅರ್ಧ ಮುಗಿದ ಹಾಗೆ.

ಈಗ ಆ ಎರಡು ಹೆಸರು. ವಿದ್ಯಾವತಿ ಕೇಸಿನಲ್ಲಿ (1962) ಉದಯಪುರದ ಕಲೆಕ್ಟರ್ ಜೀಪನ್ನು ಚಾಲಕ ವರ್ಕ್‌ಶಾಪಿನಿಂದ ವಾಪಸ್ ತರುತ್ತಿದ್ದ. ನಡೆದು ಹೋಗುತ್ತಿದ್ದ ಒಬ್ಬರಿಗೆ ಗುದ್ದಿದ. ಅವರು ತೀರಿಕೊಂಡರು. ಬೇರೆ ಯಾವುದೇ ಮಾಲೀಕನ ಹಾಗೆ ರಾಜಸ್ಥಾನ ಸರ್ಕಾರವೂ ಹೊಣೆ ಎಂದಿತು ಸುಪ್ರೀಂ ಕೋರ್ಟ್. ಕಸ್ತೂರಿ ಲಾಲ್ (1965) ಇದಕ್ಕೆ ಉಲ್ಟಾ. ಅಮೃತಸರದ ಚಿನ್ನದ ವ್ಯಾಪಾರಿಯೊಬ್ಬರನ್ನು 1947ರಲ್ಲಿ ಮೀರತ್ ಪೊಲೀಸರು ಸಂಶಯದ ಮೇಲೆ ಹಿಡಿದರು. 103 ತೊಲಕ್ಕಿಂತ ಜಾಸ್ತಿ ಚಿನ್ನ ಠಾಣೆ ಸೇರಿತು. ನಿಯಮದ ಪ್ರಕಾರ ಖಜಾನೆಗೆ ಹೋಗಬೇಕಿದ್ದದ್ದು ಠಾಣೆಯ ಮಾಲ್‌ಖಾನೆಯಲ್ಲೇ (ಜಪ್ತಿ ಮಾಡಿದ ವಸ್ತು ಇಡುವ ಕೋಣೆ) ಉಳಿಯಿತು. ಅದನ್ನು ಕಾಯಬೇಕಿದ್ದ ಹೆಡ್ ಕಾನ್‌ಸ್ಟೇಬಲ್ ಚಿನ್ನ ಎತ್ತಿಕೊಂಡು ಪಾಕಿಸ್ತಾನಕ್ಕೆ ಹೋಗಿಬಿಟ್ಟ. ಪೊಲೀಸರ ನಿರ್ಲಕ್ಷ್ಯವನ್ನು ಕೋರ್ಟ್ ಒಪ್ಪಿತು. ಆದರೆ ಬಂಧನ, ಜಪ್ತಿ ಎಲ್ಲ ಸಾರ್ವಭೌಮ ಅಧಿಕಾರದ ಕೆಲಸ, ಆದ್ದರಿಂದ ಪರಿಹಾರ ಇಲ್ಲ ಎಂದಿತು. ಈ ತೀರ್ಪು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಬಲವಂತವಾಗಿ ಕಸಿದುಕೊಂಡ ವಸ್ತುವನ್ನು ಕಾಯುವ ಹೊಣೆ ಇನ್ನೂ ಜಾಸ್ತಿ ಇರಬೇಕಲ್ವಾ? ಕಾನೂನು ಬದಲಾಗಬೇಕು ಅಂತ ಆ ತೀರ್ಪೇ ಹೇಳಿತ್ತು. ಕಾನೂನು ಆಯೋಗ ತನ್ನ ಮೊದಲ ವರದಿಯಲ್ಲೇ, 1956ರಲ್ಲಿ, ಅದನ್ನು ಕೇಳಿತ್ತು. 1965ರಲ್ಲೂ 1967ರಲ್ಲೂ ಮಸೂದೆ ಬಂತು, ಕಾಯ್ದೆ ಆಗಲಿಲ್ಲ.

ಆಮೇಲೆ ಕೋರ್ಟುಗಳೇ ಈ ಗೋಡೆಯನ್ನು ಸವೆಸುತ್ತಾ ಬಂದವು. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಹೆಂಗಸಿನ ಹೊಟ್ಟೆಯೊಳಗೆ ಟವೆಲ್ ಬಿಟ್ಟಿದ್ದರು. ಆಕೆ ಉಳಿಯಲಿಲ್ಲ. ಆಸ್ಪತ್ರೆ ನಡೆಸುವುದು ಸಾರ್ವಭೌಮ ಕೆಲಸವಲ್ಲ ಎಂದು 1996ರಲ್ಲಿ ತೀರ್ಪಾಯಿತು. ಘಟನೆ ನಡೆದದ್ದು 1963ರಲ್ಲಿ.

ಇನ್ನೊಂದು ಬಾಗಿಲು ತೆರೆದದ್ದು ರುದುಲ್ ಶಾ ಕೇಸು (1983). 1968ರ ಜೂನ್‌ನಲ್ಲಿ ಖುಲಾಸೆಯಾದ ರುದುಲ್ ಶಾ ಅವರನ್ನು ಬಿಹಾರದ ಜೈಲು 1982ರ ಅಕ್ಟೋಬರ್‌ವರೆಗೆ ಬಿಡಲಿಲ್ಲ. ಮೂಲಭೂತ ಹಕ್ಕು ಮುರಿದಾಗ ನೇರ ಸುಪ್ರೀಂ ಕೋರ್ಟಿಗೆ ಹೋಗಲು ಬಿಡುವ ಸಂವಿಧಾನದ 32ನೇ ವಿಧಿಯಡಿ ಕೋರ್ಟ್ ನೇರವಾಗಿ ಪರಿಹಾರ ಕೊಡಿಸಿತು. ಮೊದಲು ಕೊಟ್ಟಿದ್ದ 5,000 ಸೇರಿ ಒಟ್ಟು 35,000 ರೂಪಾಯಿ. ಕಳೆದುಹೋದ ತಿಂಗಳುಗಳ ಲೆಕ್ಕ ಹಾಕಿದರೆ ತಿಂಗಳಿಗೆ ಇನ್ನೂರು ರೂಪಾಯಿ ಚಿಲ್ಲರೆ. ಇದು ಮಧ್ಯಂತರ ಮೊತ್ತ, ಪೂರ್ತಿ ನಷ್ಟಕ್ಕೆ ಬೇರೆ ದಾವೆ ಹಾಕಬಹುದು ಎಂದೂ ಕೋರ್ಟ್ ಹೇಳಿತು. ಈ ಸಾಲು ಉತ್ತರದಲ್ಲಿ ಬಿಡಬೇಡಿ. ನೀಲಾಬತಿ ಬೆಹೆರಾ (1993) ಕೇಸಿನಲ್ಲಿ ವಿಷಯ ಇನ್ನೂ ಸ್ಪಷ್ಟವಾಯಿತು. ಪೊಲೀಸ್ ಕಸ್ಟಡಿಯಲ್ಲಿದ್ದ ಮಗ ಸತ್ತಾಗ ತಾಯಿ ಬರೆದ ಪತ್ರವನ್ನೇ ಕೋರ್ಟ್ ಅರ್ಜಿ ಅಂತ ತೆಗೆದುಕೊಂಡು ಒಂದೂವರೆ ಲಕ್ಷ ಕೊಡಿಸಿತು. ಮೂಲಭೂತ ಹಕ್ಕು ಮುರಿದ ಕೇಸಿನಲ್ಲಿ ಸಾರ್ವಭೌಮ ಅಧಿಕಾರದ ನೆಪ ನಡೆಯುವುದಿಲ್ಲ ಎಂದಿತು.

ಹಾಗಾದರೆ ಎಲ್ಲದಕ್ಕೂ ರಿಟ್ (ಹೈಕೋರ್ಟ್ ಇಲ್ಲವೇ ಸುಪ್ರೀಂ ಕೋರ್ಟಿಗೆ ನೇರ ಹಾಕುವ ಇಂಥ ಅರ್ಜಿ) ಹಾಕಿದರೆ ಸಾಕಲ್ವಾ? ಇಲ್ಲೇ ನಾವು ಜಾಸ್ತಿ ಎಡವುವುದು. ಕರೆಂಟ್ ತಂತಿ ತಗುಲಿ ಸತ್ತ ಎರಡು ಕೇಸುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸುಕಮಣಿ ದಾಸ್ (1999) ಕೇಸಿನಲ್ಲಿ ಮನೆಯವರು ರಿಟ್ ಹಾಕಿದ್ದರು. ಯಾರ ತಪ್ಪು ಎಂಬುದೇ ವಿವಾದ, ಸಾಕ್ಷಿ ವಿಚಾರಣೆ ಬೇಕು, ಹೈಕೋರ್ಟ್ ರಿಟ್‌ನಲ್ಲಿ ಪರಿಹಾರ ಕೊಡಬಾರದಿತ್ತು ಎಂದಿತು ಸುಪ್ರೀಂ ಕೋರ್ಟ್. ಶೈಲ್ ಕುಮಾರಿ (2002) ಕೇಸಿನಲ್ಲಿ ಹಾಕಿದ್ದು ಸಿವಿಲ್ ದಾವೆ. ಮಳೆಯ ರಾತ್ರಿ ರಸ್ತೆಯ ಮೇಲೆ ಬಿದ್ದಿದ್ದ ತಂತಿ ತಗುಲಿ ಸೈಕಲ್ ಸವಾರ ಸತ್ತಿದ್ದರು. ಯಾರೋ ಕರೆಂಟ್ ಕದಿಯಲು ತಂತಿ ಎಳೆದಿದ್ದರು ಎಂದಿತು ವಿದ್ಯುತ್ ಮಂಡಳಿ. ಅಪಾಯದ ವಸ್ತುವನ್ನು ನಡೆಸುವವರು ನಿರ್ಲಕ್ಷ್ಯ ಇರಲಿ ಬಿಡಲಿ ಹೊಣೆ ಎಂದು ಕೋರ್ಟ್ ಹೇಳಿತು. ಒಂದೇ ಥರದ ಸಾವು, ತಟ್ಟಿದ ಬಾಗಿಲು ಬೇರೆ. ತಪ್ಪು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಿದ್ದು ಬದುಕುವ ಹಕ್ಕೇ ಮುರಿದಿದ್ದರೆ ರಿಟ್, ಸಾಕ್ಷಿ ಕರೆದು ಸಾಬೀತು ಮಾಡಬೇಕಿದ್ದರೆ ದಾವೆ ಅಂತ ನೆನಪಿಟ್ಟುಕೊಳ್ಳಿ.

ದಾವೆಗೆ ಹೋಗುವವರು ಸೋಲುವುದು ಎಷ್ಟೋ ಸಲ ತಾರೀಖಿನಲ್ಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಮೊದಲು ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ರಾಜ್ಯ ಸರ್ಕಾರದ ಮೇಲಾದರೆ ನೋಟಿಸ್ ಸರ್ಕಾರದ ಕಾರ್ಯದರ್ಶಿಗೆ ಇಲ್ಲವೇ ಜಿಲ್ಲಾಧಿಕಾರಿಗೆ, ರೈಲ್ವೆಯಾದರೆ ಜನರಲ್ ಮ್ಯಾನೇಜರ್‌ಗೆ. ನಿಮ್ಮ ಹೆಸರು, ವಿಳಾಸ, ಏನು ನಡೆಯಿತು, ಏನು ಬೇಕು ಇಷ್ಟೂ ಅದರಲ್ಲಿ ಇರಬೇಕು. ಇನ್ನು ಕಾಲಮಿತಿ ಕಾಯ್ದೆಯ 72ನೇ ವಿಧಿ. ಯಾವುದೋ ಕಾಯ್ದೆಯಡಿ ಮಾಡಿದೆ ಅಥವಾ ಬಿಟ್ಟೆ ಎಂದು ಅಧಿಕಾರಿ ಹೇಳಿಕೊಳ್ಳುವ ಕೆಲಸದಿಂದ ನಷ್ಟವಾದರೆ ದಾವೆಗೆ ಸಿಗುವುದು ಒಂದೇ ವರ್ಷ. ನೋಟಿಸಿನ ಎರಡು ತಿಂಗಳನ್ನು ಆ ವರ್ಷದ ಲೆಕ್ಕದಿಂದ ಬಿಡುತ್ತಾರೆ. ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದ ತಿಂಗಳುಗಳನ್ನು ಬಿಡುವುದಿಲ್ಲ.