ಸಿಂಥೆಟಿಕ್ ಕ್ಯಾಥಿನೋನ್‌ಗಳು: ಮೆಫೆಡ್ರೋನ್‌ನಿಂದ ಫ್ಲಾಕಾವರೆಗೆ

ಪೂರ್ವ ಆಫ್ರಿಕಾ ಮತ್ತು ಯೆಮೆನ್‌ನಲ್ಲಿ ಜನ ಅಗಿಯುವ ಖಾಟ್ ಎಲೆಯಲ್ಲಿ ಕ್ಯಾಥಿನೋನ್ ಎಂಬ ಉತ್ತೇಜಕವಿದೆ. ರಚನೆಯಲ್ಲಿ ಅದು ಆಂಫೆಟಮೈನ್ ಎಂಬ ಉತ್ತೇಜಕ ಮದ್ದೇ, ಬೀಟಾ ಇಂಗಾಲದ ಮೇಲೆ ಒಂದು ಕೀಟೋನ್ ಆಮ್ಲಜನಕ ಹೆಚ್ಚು, ಅಷ್ಟೆ. ಆ ಅಣುವನ್ನು ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದರೆ ಮೆಫೆಡ್ರೋನ್, ಎಂಡಿಪಿವಿ, ಆಲ್ಫಾ-ಪಿವಿಪಿ (ಫ್ಲಾಕಾ) ಮುಂತಾದ ಮಾದಕಗಳು, ಅಂದರೆ ಸಿಂಥೆಟಿಕ್ ಕ್ಯಾಥಿನೋನ್‌ಗಳು, ಸಿಗುತ್ತವೆ.

ಮೆಫೆಡ್ರೋನ್ 1929ರಲ್ಲೇ ತಯಾರಾಗಿತ್ತು, ಬೀದಿಗೆ ಬಂದದ್ದು 2000ದ ನಂತರ. ‘ಗಿಡದ ಗೊಬ್ಬರ’, ‘ಸ್ನಾನದ ಲವಣ’ ಎಂಬ ಹೆಸರಿನ ಪೊಟ್ಟಣದ ಮೇಲೆ ‘ಮನುಷ್ಯರ ಸೇವನೆಗಲ್ಲ’ ಎಂದು ಬರೆದು ಕಾನೂನಿನಿಂದ ನುಣುಚಿಕೊಂಡರು. ಬ್ರಿಟನ್ 2010ರ ಏಪ್ರಿಲ್‌ನಲ್ಲಿ ಮೆಫೆಡ್ರೋನನ್ನು ನಿಷೇಧಿಸಿತು. ಜಾಗ ತುಂಬಲು ಅದೇ ಜಾತಿಯ ನ್ಯಾಫೈರೋನ್ ಬಂತು, ಜುಲೈನಲ್ಲಿ ಅದನ್ನೂ ನಿಷೇಧಿಸಬೇಕಾಯಿತು. ಭಾರತದಲ್ಲಿ ಮೆಫೆಡ್ರೋನ್ (ಬೀದಿಯ ‘ಎಂಡಿ’, ‘ಮ್ಯಾಂವ್ ಮ್ಯಾಂವ್’) ಎನ್‌ಡಿಪಿಎಸ್ (ಮಾದಕ ದ್ರವ್ಯ ನಿಯಂತ್ರಣ) ಕಾಯ್ದೆಯ ಪಟ್ಟಿಗೆ ಸೇರಿದ್ದು 2015ರಲ್ಲಿ. ವಾಣಿಜ್ಯ ಪ್ರಮಾಣ 50 ಗ್ರಾಂ. ಆ ಪ್ರಮಾಣಕ್ಕೆ ಕನಿಷ್ಠ ಶಿಕ್ಷೆ 10 ವರ್ಷ.

ಓದುವವರಿಗೆ ಗೊಂದಲವಾಗುವುದು ಇಲ್ಲಿ: ಮೆಫೆಡ್ರೋನ್ ನರಕೋಶದಿಂದ ಡೋಪಮೈನ್, ಸೆರೊಟೋನಿನ್ ಎಂಬ ಸಂದೇಶವಾಹಕಗಳೆರಡನ್ನೂ ಹೊರಗೆ ತಳ್ಳುತ್ತದೆ. ಎಂಡಿಪಿವಿ ಹಾಗಲ್ಲ. ಅದು ಡೋಪಮೈನ್, ನಾರ್‌ಅಡ್ರಿನಲಿನ್‌ಗಳ ಮರುಹೀರಿಕೆಯನ್ನು ತಡೆಯುತ್ತದೆ, ಸೆರೊಟೋನಿನ್ ಮೇಲೆ ಪರಿಣಾಮ ಅತ್ಯಲ್ಪ. ಬಹಳ ಕಡಿಮೆ ಪ್ರಮಾಣವೇ ಸಾಕಾಗುವುದರಿಂದ, ಮೆಫೆಡ್ರೋನ್ ಎಂದುಕೊಂಡು ಇದನ್ನು ತೆಗೆದುಕೊಂಡವರ ಪ್ರಾಣಕ್ಕೇ ಕುತ್ತು.

ಇವನ್ನು ಸೇವಿಸಿದವರ ಸಂಶಯ, ಭ್ರಮೆ, ಓಡಿಹೋಗುವ ಆರ್ಭಟ ಎಲ್ಲರ ಕಣ್ಣಿಗೆ ಬೀಳುತ್ತವೆ. ಕೊಲ್ಲುವುದು ಹೆಚ್ಚಾಗಿ ಮೈಯ ಬಿಸಿ. ಸ್ನಾಯುಗಳು ಬಿಡುವಿಲ್ಲದೆ ಶಾಖ ಹುಟ್ಟಿಸುತ್ತವೆ, ಚರ್ಮದ ರಕ್ತನಾಳ ಬಿಗಿದಿರುವುದರಿಂದ ಆ ಶಾಖಕ್ಕೆ ಹೊರದಾರಿ ಇಲ್ಲ. 40 ಡಿಗ್ರಿ ದಾಟಿದರೆ ಸ್ನಾಯುಕೋಶ ಒಡೆದು ಅದರೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡಕ್ಕೆ ನುಗ್ಗುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಮೂತ್ರ ಕಪ್ಪು ಚಹಾದ ಬಣ್ಣ. ಮೂತ್ರದಲ್ಲಿ ಅದ್ದುವ ಡಿಪ್‌ಸ್ಟಿಕ್ ‘ರಕ್ತವಿದೆ’ ಎನ್ನುತ್ತದೆ, ಸೂಕ್ಷ್ಮದರ್ಶಕದಲ್ಲಿ ಕೆಂಪು ಕಣ ಕಾಣಿಸದು. ಆಗಲೇ ಸಿಕೆ (ಕ್ರಿಯೇಟಿನ್ ಕೈನೇಸ್, ಸ್ನಾಯುವಿನ ಕಿಣ್ವ) ಮಟ್ಟಕ್ಕೆ ರಕ್ತ ಕಳಿಸಿ.

ಪ್ಯಾರಾಸಿಟಮಾಲ್ ಕೊಡುವುದು ಸಾಮಾನ್ಯ ತಪ್ಪು. ಮೈಯ ಬಿಸಿಯನ್ನು ನಿಯಂತ್ರಿಸುವ ಮೆದುಳಿನ ಭಾಗ ಹೈಪೋಥಲಾಮಸ್‌ನ ಗುರಿಮಟ್ಟ ಏರಿಲ್ಲವಾದ್ದರಿಂದ ಅದು ಕೆಲಸಕ್ಕೆ ಬಾರದು. ರೋಗಿಯನ್ನು ಬಲವಂತವಾಗಿ ಅದುಮಿ ಹಿಡಿದರೆ ಒದ್ದಾಟದಿಂದ ಶಾಖ, ಲ್ಯಾಕ್ಟಿಕ್ ಆಮ್ಲ ಎರಡೂ ಹೆಚ್ಚುತ್ತವೆ. ಬೇಕಾದ್ದು ಶಮನಕಾರಿ ಲೊರಾಜೆಪಾಮ್ ಅಥವಾ ಡಯಾಜೆಪಾಮ್ ಬೇಗ, ಜೊತೆಗೆ ಐಸ್, ನೀರು ಚಿಮುಕಿಸಿ ಫ್ಯಾನ್ ಗಾಳಿ, ಸಿರೆಯ ಮೂಲಕ ದ್ರವ. ಮೆಫೆಡ್ರೋನ್ ಸೇವಿಸಿದವರ ರಕ್ತದಲ್ಲಿ ಸೋಡಿಯಂ ಇಳಿದಿರಬಹುದು, ಅದರ ಫಲಿತಾಂಶ ನೋಡದೆ ಬರಿಯ ನೀರು ಕುಡಿಸುತ್ತಾ ಹೋಗಬೇಡಿ. ಮಾದಕಗಳಿಗಾಗಿ ಮಾಡುವ ಮಾಮೂಲಿ ಮೂತ್ರ ತಪಾಸಣೆ ಇವುಗಳಲ್ಲಿ ಹೆಚ್ಚಿನವನ್ನು ಹಿಡಿಯುವುದಿಲ್ಲ, ನೆಗೆಟಿವ್ ಬಂದರೂ ಥರ್ಮಾಮೀಟರನ್ನೇ ನಂಬಿ.