ಮೇ ತಿಂಗಳ ಬಳ್ಳಾರಿಯಲ್ಲಿ ಗ್ಯಾಸ್ 20 ಡಿಗ್ರಿ ಇರುವುದಿಲ್ಲ

ಈ ಮೇ ತಿಂಗಳಲ್ಲಿ ಸಿರುಗುಪ್ಪ ಕಡೆಯ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. "ಸರ್, ಟ್ಯೂಬಿನಲ್ಲಿ ಅಳೆದ ಗೇನ್ ಸಿಮ್ಯುಲೇಶನ್‌ಗಿಂತ ಏಳೆಂಟು ಪಟ್ಟು ಜಾಸ್ತಿ ಇದೆ. ಕೋಡ್ ತಪ್ಪಾ?"

"ಕೋಡ್ ಸರಿ ಇದೆಯಮ್ಮ. ಯಾವ ಊರಿನ ಗ್ಯಾಸ್ ಹಾಕಿದ್ದೀಯ ನೋಡು" ಎಂದೆ.

ವಿಕಿರಣ ಪತ್ತೆಹಚ್ಚುವ ಅವಳ ಡಿಟೆಕ್ಟರ್ ಸರಳ. ಲೋಹದ ಕೊಳವೆ, ನಡುವೆ ಕೂದಲೆಳೆಯಂಥ ತಂತಿ, ಒಳಗೆ 70 ಪಾಲು ಆರ್ಗಾನ್, 30 ಪಾಲು ಕಾರ್ಬನ್ ಡೈಆಕ್ಸೈಡ್. ವೆಲ್ಡಿಂಗ್‌ನವರು ಬಳಸುವುದೂ ಇದೇ ಜೋಡಿ, ಪಾಲು ಮಾತ್ರ ಬೇರೆ. ತಂತಿಗೆ ಹೈ ವೋಲ್ಟೇಜ್ ಕೊಟ್ಟಾಗ ಅದರ ಹತ್ತಿರ ಬಂದ ಎಲೆಕ್ಟ್ರಾನ್ ವೇಗ ಪಡೆದು ಗ್ಯಾಸಿನ ಅಣುವಿಗೆ ಗುದ್ದಿ ಇನ್ನೊಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 13 ಸಲ ಹೀಗಾದರೆ 8,192. ಇದೇ ಅವಲಾಂಚ್. ಒಂದಕ್ಕೆ ಸರಾಸರಿ ಎಷ್ಟಾಯಿತೋ ಅದೇ ಗೇನ್.

ಒಂದು ಗುದ್ದಿಗೂ ಇನ್ನೊಂದಕ್ಕೂ ನಡುವೆ ಓಡಲು ಎಷ್ಟು ಜಾಗ ಸಿಗುತ್ತದೆ ಅನ್ನುವುದು ಇಲ್ಲಿ ಮುಖ್ಯ. ಗ್ಯಾಸ್ ತೆಳುವಾದರೆ ಓಟ ಉದ್ದ, ಗುದ್ದು ಜೋರು. ಇಂಥ ಕೊಳವೆಗಳಲ್ಲಿ ಸಾಂದ್ರತೆ ಶೇ 1 ಇಳಿದರೆ ಗೇನ್ ಶೇ 5ರಿಂದ 8ರಷ್ಟು ಏರುತ್ತದೆ. ಅವಳು ಸಿಮ್ಯುಲೇಶನ್‌ಗೆ ಬಳಸಿದ ಪ್ರೋಗ್ರಾಮ್ ಗಾರ್ಫೀಲ್ಡ್ ಪ್ಲಸ್ ಪ್ಲಸ್. ನಾವೇನೂ ಹೇಳದಿದ್ದರೆ ಅದು ತಾಪ 20 ಡಿಗ್ರಿ, ಒತ್ತಡ 760 ಟಾರ್ (ಒತ್ತಡದ ಅಳತೆ) ಅಂತ ಹಿಡಿದುಕೊಳ್ಳುತ್ತದೆ. ಅಂದರೆ ಕಡಲ ದಂಡೆಯ ತಂಪು ಕೋಣೆ. ಬಳ್ಳಾರಿ ಸಮುದ್ರ ಮಟ್ಟಕ್ಕಿಂತ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಮೇಲಿದೆ, ಒತ್ತಡ ಸುಮಾರು 715 ಟಾರ್. ಏಸಿ ಇಲ್ಲದ ಅವಳ ಲ್ಯಾಬಿನಲ್ಲಿ ಮಧ್ಯಾಹ್ನ 40 ಡಿಗ್ರಿ. ಎರಡೂ ಸೇರಿ ಸಾಂದ್ರತೆ ಶೇ 12ರಷ್ಟು ಕಡಿಮೆ. ಗೇನ್ ಅಲ್ಲಿಗೇ ಸುಮಾರು ಎರಡು ಪಟ್ಟು!

ಒತ್ತಡಕ್ಕಾಗಿ ಮೊಬೈಲಿನ ಹವಾಮಾನ ಆ್ಯಪ್ ನೋಡಬೇಡಿ. ಅದು ಸಾಮಾನ್ಯವಾಗಿ ತೋರಿಸುವುದು ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿದ ಒತ್ತಡ, ನಿಮ್ಮ ಕೋಣೆಯದಲ್ಲ. ಕೊಳವೆ ಪಕ್ಕದಲ್ಲೇ ಬ್ಯಾರೊಮೀಟರ್ ಇಡಿ.

ಉಳಿದ ಏರಿಕೆ ಪೆನ್ನಿಂಗ್ ಅನ್ನುವ ಶಕ್ತಿ ದಾಟಿಸುವ ಆಟದ ಪಾಲು. ಆರ್ಗಾನ್‌ನಿಂದ ಎಲೆಕ್ಟ್ರಾನ್ ಕೀಳಲು 15.76 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಕಾರ್ಬನ್ ಡೈಆಕ್ಸೈಡಿಗೆ ಸುಮಾರು 13.8 ಸಾಕು. ಗುದ್ದು ತಿಂದ ಆರ್ಗಾನ್ ಕೆಲವು ಸಲ ಎಲೆಕ್ಟ್ರಾನ್ ಕಳೆದುಕೊಳ್ಳದೆ ಸುಮ್ನೆ ಶಕ್ತಿ ಹೊತ್ತು ನಿಲ್ಲುತ್ತದೆ. ಆ ಶಕ್ತಿ ಇವೆರಡರ ನಡುವೆ ಇದ್ದರೆ ಅದನ್ನು ಪಕ್ಕದ ಅಣುವಿಗೆ ದಾಟಿಸಿ ಅಲ್ಲಿಂದ ಎಲೆಕ್ಟ್ರಾನ್ ಬಿಡಿಸಬಹುದು. ಈ ಮಿಶ್ರಣದಲ್ಲಿ ಹೀಗೆ ದಾಟುವುದು ಹೆಚ್ಚುಕಡಿಮೆ ಅರ್ಧದಷ್ಟು, ಈ ಪಾಲೇ ಪೆನ್ನಿಂಗ್ ಅಂಕಿ. ಪ್ರೋಗ್ರಾಮಿನಲ್ಲಿ ಇದನ್ನು ನಾವೇ ಆನ್ ಮಾಡಬೇಕು. ಅವಳು ಮಾಡಿರಲಿಲ್ಲ.

ನಾನು ಪ್ರತಿ ಸಲ ಒತ್ತಿ ಹೇಳುವ ಮಾತು ಇದು: ಮೊದಲು ತಾಪ, ಒತ್ತಡ ಸರಿಮಾಡಿ, ಆಮೇಲೆ ಪೆನ್ನಿಂಗ್ ಮುಟ್ಟಿ. ಪೆನ್ನಿಂಗ್ ಅಂಕಿಯನ್ನು ಮೇಲೆ ಕೆಳಗೆ ಮಾಡುತ್ತಾ ಹೋದರೆ ಸಿಮ್ಯುಲೇಶನ್ ಎಂಥ ಅಳತೆಗಾದರೂ ಕೂರುತ್ತದೆ. ಹಾಗೆ ಕೂರಿಸಿದ ಅಂಕಿಯೊಳಗೆ ಬಳ್ಳಾರಿಯ ಬಿಸಿಲೂ ಸೇರಿಕೊಂಡಿರುತ್ತದೆ, ಅಲ್ವಾ? ಅದನ್ನು ಗ್ಯಾಸಿನ ಗುಣ ಅಂತ ಬರೆದುಬಿಟ್ಟರೆ ಮುಂದಿನವರ ಲೆಕ್ಕವೂ ಕೆಡುತ್ತದೆ.

ಇನ್ನೊಂದು, ಅವಳು ಬರೀ 20 ಅವಲಾಂಚ್ ಓಡಿಸಿ ಸರಾಸರಿ ತೆಗೆದಿದ್ದಳು. ಒಂದೊಂದರ ಗಾತ್ರವೂ ವಿಪರೀತ ಏರುಪೇರು. 20ರ ಸರಾಸರಿ ಶೇ 20ರಷ್ಟು ಆಚೀಚೆ ಆದೀತು. ಸಾವಿರವಾದರೂ ಓಡಿಸಿ.

ಡಿಸೆಂಬರ್‌ನಲ್ಲಿ ಅದೇ ಕೊಳವೆಗೆ ಅದೇ ವೋಲ್ಟೇಜ್ ಕೊಟ್ಟು ಅವಳು ಮತ್ತೆ ಅಳೆಯಲಿದ್ದಾಳೆ. ಗೇನ್ ಚೆನ್ನಾಗಿ ಇಳಿಯಬೇಕು, ಪೆನ್ನಿಂಗ್ ಅಂಕಿ ಮಾತ್ರ ಹೆಚ್ಚುಕಡಿಮೆ ಹಾಗೇ ಇರಬೇಕು.