ಐದು ಲೀಟರ್ ಡಬ್ಬಿಯ ಚಿನ್ನ, ಬೆನ್ನಟ್ಟಿದ ಇನ್‌ಸ್ಪೆಕ್ಟರ್

ಕೋಲಾರದಲ್ಲಿ ಬಿ.ಎಸ್ಸಿ. ಓದುತ್ತಿರುವ ನನ್ನ ತಂಗಿಯ ಮಗಳು ತಾನು ಬರೆದ ವೈಜ್ಞಾನಿಕ ಕಥೆಯೊಂದನ್ನು ನನ್ನ ಮುಂದಿಟ್ಟು, "ದೊಡ್ಡಮ್ಮ, ಪ್ರೀತಿಯ ವಿಷಯ ಬಿಡು, ವಿಜ್ಞಾನ ಸರಿಯಿದೆಯಾ ನೋಡು" ಎಂದಳು. ಕಥೆ ನಡೆಯುವುದು 2090ರಲ್ಲಿ. 2001ರ ಫೆಬ್ರವರಿ 28ರಂದು ಮುಚ್ಚಿದ ಕೆಜಿಎಫ್ ಗಣಿಯ ಆಳದ ಸುರಂಗವೊಂದು ಸರ್ಕಾರದ ಖಜಾನೆಯಾಗಿದೆ. ಅಲ್ಲಿಂದ 100 ಕೆ.ಜಿ. ಚಿನ್ನವನ್ನು ಹೆಗಲಿಗೇರಿಸಿಕೊಂಡು ಕಳ್ಳಿ ಓಡುತ್ತಾಳೆ. ಬೆನ್ನಟ್ಟಿದ ಇನ್‌ಸ್ಪೆಕ್ಟರ್ ಅವಳಿಗೇ ಮನಸೋಲುತ್ತಾನೆ.

ಮೊದಲ ತೊಡಕು ಹೆಗಲಿನದು. ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ.; ಅಷ್ಟೇ ಜಾಗ ತುಂಬುವ ಚಿನ್ನದ ತೂಕ 19.3 ಕೆ.ಜಿ. ಅಡುಗೆಮನೆಯ ಐದು ಲೀಟರ್ ಎಣ್ಣೆ ಡಬ್ಬಿಯಷ್ಟು ಚಿನ್ನವೆಂದರೆ ಎರಡು ಅಕ್ಕಿಮೂಟೆಗಳ ಭಾರ. ನೋಡಲು ಕೈಯಲ್ಲಿ ಹಿಡಿದು ಹೋಗಬಹುದೆನಿಸುವ ಆ ಡಬ್ಬಿಯನ್ನು ಹೊತ್ತು ಓಡುವುದಿರಲಿ, ನೆಲದಿಂದ ಎತ್ತುವುದೇ ಕಷ್ಟ.

ಕದ್ದ ಜಾಗದಲ್ಲಿ ಕಳ್ಳಿ ನಕಲಿ ಗಟ್ಟಿಗಳನ್ನು ಇಟ್ಟು ಬಂದಿದ್ದಳು, ಆದರೆ ಹಿತ್ತಾಳೆಯವು. ಹಿತ್ತಾಳೆಯ ಭಾರ ಚಿನ್ನದ ಅರ್ಧವೂ ಇಲ್ಲ. ಕೈಗೆತ್ತಿಕೊಂಡ ಕಾವಲುಗಾರನಿಗೇ ಗೊತ್ತಾಗುತ್ತದೆ. ಅವಳಿಗೆ ಬೇಕಾದದ್ದು ಹಳೆಯ ಬಲ್ಬುಗಳೊಳಗೆ ತಂತಿಯಾಗಿ ಉರಿಯುತ್ತಿದ್ದ ಟಂಗ್‌ಸ್ಟನ್. ಅದರ ಒಂದು ಲೀಟರಿನ ತೂಕ 19.25 ಕೆ.ಜಿ., ಮೇಲೆ ಚಿನ್ನ ಹೊದಿಸಿದರೆ ತಕ್ಕಡಿಯೂ ನಂಬುತ್ತದೆ, ನೀರಿನಲ್ಲಿ ಮುಳುಗಿಸಿ ನೋಡುವ ಆರ್ಕಿಮಿಡೀಸನ ಉಪಾಯವೂ ಸೋಲುತ್ತದೆ. ಅಕ್ಕಸಾಲಿಗ ಕಪ್ಪು ಒರೆಗಲ್ಲಿನ ಮೇಲೆ ಗಟ್ಟಿಯನ್ನು ಉಜ್ಜಿ, ಮೂಡಿದ ಹಳದಿ ಗೆರೆಯ ಮೇಲೆ ಆಮ್ಲದ ತೊಟ್ಟು ಬಿಟ್ಟರೂ ಗೆರೆ ಅಳಿಯುವುದಿಲ್ಲ, ಏಕೆಂದರೆ ಕಲ್ಲಿಗೆ ಸಿಕ್ಕಿದ್ದು ಮೇಲ್ಮೈಯ ಅಸಲಿ ಚಿನ್ನ ಮಾತ್ರ. ಆದರೆ ಶಬ್ದವನ್ನು ವಂಚಿಸಲಾಗದು. ಚಿನ್ನದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 3,200 ಮೀಟರ್ ಸಾಗಿದರೆ ಟಂಗ್‌ಸ್ಟನ್ನಿನಲ್ಲಿ ಸುಮಾರು 5,200 ಮೀಟರ್ ಸಾಗುತ್ತದೆ. ನಾಲ್ಕು ಸೆಂ.ಮೀ. ದಪ್ಪದ ಗಟ್ಟಿಯೊಳಗೆ ಕಿವಿಗೆ ಕೇಳದ ಶ್ರವಣಾತೀತ ಶಬ್ದ ಹೋಗಿ ಮರಳಲು ಅಸಲಿಯಲ್ಲಿ 25 ಮೈಕ್ರೊಸೆಕೆಂಡು ಹಿಡಿದರೆ ನಕಲಿಯಲ್ಲಿ 15–16 ಸಾಕು. ಇನ್‌ಸ್ಪೆಕ್ಟರ್ ಕೈಗೆ ಪಿಸ್ತೂಲಿನ ಬದಲು ಈ ಹೊತ್ತನ್ನು ಅಳೆಯುವ ಯಂತ್ರ ಕೊಡು ಎಂದೆ.

ಇನ್ನು ಬಚ್ಚಿಡುವ ಮಾತು. 1940ರಲ್ಲಿ ಜರ್ಮನ್ ಸೈನ್ಯ ಕೋಪನ್‌ಹೇಗನ್ನಿಗೆ ನುಗ್ಗಿದಾಗ, ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿದ್ದ ರಸಾಯನವಿಜ್ಞಾನಿ ಹೆವೆಸಿ ಅವರು ಜರ್ಮನ್ ಭೌತವಿಜ್ಞಾನಿಗಳಾದ ಲಾವೆ ಮತ್ತು ಫ್ರಾಂಕ್ ಅವರ ನೊಬೆಲ್ ಪದಕಗಳನ್ನು ಆಕ್ವಾ ರೀಜಿಯಾ ಎಂಬ, ಚಿನ್ನವನ್ನೂ ಕರಗಿಸುವ ಆಮ್ಲಗಳ ಮಿಶ್ರಣದಲ್ಲಿ ಕರಗಿಸಿ, ಆ ದ್ರಾವಣವನ್ನು ಕಪಾಟಿನಲ್ಲಿ ಸುಮ್ಮನೆ ಇಟ್ಟುಬಿಟ್ಟರು. ಶೋಧಿಸಿದ ಸೈನಿಕರು ಅದನ್ನು ಮುಟ್ಟಲಿಲ್ಲ. ಯುದ್ಧ ಮುಗಿದ ಮೇಲೆ ಅದರಿಂದ ಚಿನ್ನವನ್ನು ಬೇರ್ಪಡಿಸಿ ಪದಕಗಳನ್ನು ಮತ್ತೆ ಎರಕ ಹೊಯ್ಯಲಾಯಿತು. ನಮ್ಮ ಕಳ್ಳಿಗೆ ಈ ದಾರಿ ಒಗ್ಗದು: ಗ್ರಾಂ ಒಂದಕ್ಕೆ ಸುಮಾರು 4 ಮಿ.ಲೀ. ಆಮ್ಲವೆಂದರೆ 100 ಕೆ.ಜಿ.ಗೆ 400 ಲೀಟರ್, ಅಂದರೆ ದೊಡ್ಡ ಡ್ರಮ್ಮುಗಳು ಎರಡು.

ಬಿಡು ಎಂದಿದ್ದ ಪ್ರೀತಿಯೇ ವಿಜ್ಞಾನದ ಕಣ್ಣಿಗೆ ಹೆಚ್ಚು ನಂಬುವಂತಿತ್ತು. ಕೆಜಿಎಫ್‌ನಲ್ಲಿ ಮೂರು ಕಿ.ಮೀ. ಆಳದ ಬಂಡೆಯ ಬಿಸಿ 60 ಡಿಗ್ರಿಯನ್ನು ದಾಟುತ್ತದೆ. ಅಲ್ಲಿ ಓಡಿದವನ ಎದೆ ಬಡಿದುಕೊಳ್ಳಲು ಪ್ರೇಮವೇ ಬೇಕಿಲ್ಲ. 1974ರಲ್ಲಿ ಮನೋವಿಜ್ಞಾನಿಗಳಾದ ಡಟನ್ ಮತ್ತು ಆರನ್ ಪ್ರಕಟಿಸಿದ ಅಧ್ಯಯನದಲ್ಲಿ, ಕೆನಡಾದ ಕ್ಯಾಪಿಲಾನೊ ಎಂಬ ಎತ್ತರದ ತೂಗುಸೇತುವೆಯ ಮೇಲೆ ಸಂದರ್ಶಕಿಯ ಫೋನ್ ನಂಬರ್ ಪಡೆದ 18 ಗಂಡಸರಲ್ಲಿ 9 ಮಂದಿ ಆಮೇಲೆ ಅವಳಿಗೆ ಕರೆ ಮಾಡಿದರು. ಭದ್ರವಾದ ತಗ್ಗು ಸೇತುವೆಯಲ್ಲಿ 16ಕ್ಕೆ 2 ಮಂದಿ ಮಾತ್ರ. ಭಯದ ಎದೆಬಡಿತವನ್ನು ಮನಸ್ಸು ಆಕರ್ಷಣೆಯೆಂದು ಓದಿಕೊಂಡಿತೆಂಬುದು ಅವರ ವಾದ. ಇಷ್ಟು ಸಣ್ಣ ಲೆಕ್ಕವನ್ನು ನಂಬಿ ನಾನಂತೂ ಯಾರಿಗೂ ಮದುವೆ ಮಾಡಿಸಲಾರೆ, ಕಥೆಗೆ ಸಾಕು.

ಹುಡುಗಿ ತಿದ್ದಿ ತಂದಿದ್ದಾಳೆ. ಈಗ ಕಳುವಾದದ್ದು ಇನ್ನೂರು ಗ್ರಾಂ ಮಾತ್ರ. ಠಾಣೆಯ ಕಪಾಟಿನಲ್ಲಿ ಫಿನಾಯಿಲಿನ ಪಕ್ಕ ಕಿತ್ತಳೆ ಬಣ್ಣದ ಒಂದು ಸೀಸೆ ಇದೆ, ಇನ್‌ಸ್ಪೆಕ್ಟರ್ ಅದನ್ನು ದಿನವೂ ನೋಡಿ ಸುಮ್ಮನಿರುತ್ತಾನೆ. ಆ ದ್ರಾವಣದಿಂದ ಅನಿಲ ಏಳುತ್ತಿರುತ್ತದೆ, ಮುಚ್ಚಳ ಬಿಗಿದರೆ ಸೀಸೆ ಒಡೆಯುತ್ತದೆ ಎಂದು ಹಾಳೆಯ ಅಂಚಿನಲ್ಲಿ ಬರೆದು ಕೊಟ್ಟೆ.